ಎಲಿ ಇಲ್ಲದ ಮಾತು

ನಾ ಜಗಳಗಂಟಿ ಅಂತ ಸವಣೂರಾಗ ನಾಕು ಓಣಿಗೆ ಗೊತ್ತೈತಿ, ಅದನ್ನೇನು ಮುಚ್ಚಿಡೂದಿಲ್ಲ. ಹುಟ್ಟಿದಾಗಿಂದ ನನ್ನ ನಾಲಿಗಿ ನನಗಿಂತ ಒಂದು ಹೆಜ್ಜಿ ಮುಂದ. ಹೊಳೆವ್ವ ಬಂದ್ಲು ಅಂದ್ರ ಕಿರಾಣಿ ಅಂಗಡಿಯಾಂವ ತಕ್ಕಡಿ ಒಮ್ಮೆ ಒರಸಿ ಇಡ್ತಿದ್ದ. ಆದ್ರ ಆ ವರ್ಷ ಯುಗಾದಿ ಮರುದಿನ ಸಾವ್ಕಾರ್ರ ಮನಿ ಮುಂದ ನಾ ಮಾಡಿದ ಜಗಳದಾಗ ನಾ ಗೆದ್ನಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಗೆದ್ದಾಂವ ಬ್ಯಾರೆ. ಅಂವ ಆಡಿದ್ದು ಬರೇ ಮೂರು ಮಾತು. ಅವನ್ನ ನೆನಸಿಕೊಂಡ್ರ ಇವತ್ತಿಗೂ ನನ್ನ ಕಣ್ಣು ಒದ್ದಿ ಆಗ್ತಾವು.

ಅಂವ ಅಂದ್ರ ನಮ್ಮನಿಯಾಂವ. ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತ ನಮ್ಮತ್ತಿ ಮುದಕವ್ವ ಕಲಿಸಿದ್ಲು, ಖರೆ. ಆದ್ರ ಹೇಳದಿದ್ರ ನಿಮಗ ಹ್ಯಾಂಗ ತಿಳೀಬೇಕು. ಗುದ್ಲೆಪ್ಪ. ಒಮ್ಮೆ ಹೇಳೇನಿ, ಇನ್ನ ಬ್ಯಾರೆಯವರ ಮಾತಿನ್ಯಾಗ ಬಂದ್ರ ಬಂತು, ನಾನಾಗಿ ಹೇಳೂದಿಲ್ಲ. ದಿನಕ್ಕ ಹತ್ತು ಮಾತು ಆಡಿದ್ರ ಹೆಚ್ಚು, ಅದರಾಗ ಐದು ಎತ್ತುಗಳ ಕೂಡ.

ಊರ ಕೆರಿ ಕೆಳಗ ಉಳವಪ್ಪ ಸಾವ್ಕಾರ್ರ ಎಲಿಬಳ್ಳಿ ತ್ವಾಟ ಇತ್ತು. ಅಲ್ಲಿ ಕೊಯ್ದ ಎಲಿನ ಪುಟ್ಟಿಗೆ ತುಂಬಿ, ಚಕ್ಕಡಿ ಮ್ಯಾಲೆ ಹೇರಿ, ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಸಂತಿಗೆ ಒಯ್ಯೂದು ನಮ್ಮನಿಯಾಂವನ ಕೆಲಸ. ಏಳು ವರ್ಷ ಒಯ್ದ. ಹಳ್ಳ ಕಂಡಲ್ಲೆ ಚಕ್ಕಡಿ ನಿಲ್ಲಿಸಿ ಎಲಿಗೆ ನೀರು ಚಿಮುಕಿಸಿ, ಬಿಸಲು ಯಾವ ಕಡಿಗೈತಿ ನೋಡಿ ಪುಟ್ಟಿ ತಿರುವಿ ಇಡ್ತಿದ್ದ. ಬ್ಯಾರೆಯವರ ಎಲಿ ಹಿರೇಕೆರೂರು ಮುಟ್ಟೂದ್ರಾಗ ಹಳದಿ ಆಗ್ತಿದ್ವು. ಇವನ ಪುಟ್ಟಿ ಬಿಚ್ಚಿದ್ರ ಈಗ ಕೊಯ್ದಂಗ ಇರ್ತಿದ್ವು.

ಇವನ್ನ ಕೆಲಸಕ್ಕ ಹಚ್ಚಿದವರು ಹಿರೇ ಸಾವ್ಕಾರ್ರು, ಉಳವಪ್ಪನವರ ಅಪ್ಪ. ವರ್ಷಕ್ಕ ಆರು ಚೀಲ ಜ್ವಾಳ, ಮೂರು ದಸರಾಕ್ಕ, ಮೂರು ಯುಗಾದಿಗೆ, ಮ್ಯಾಲೊಂದು ಕಂಬಳಿ, ಒಂದು ಜೋಡಿ ಕಾಲ್ಮರಿ ಅಂತ ಬಾಯಿಲೆ ಹೇಳಿ, ಎರಡು ಎಲಿ ಒಂದು ಅಡಿಕಿ ಇವನ ಕೈಯಾಗ ಇಟ್ಟಿದ್ರಂತ. ಕಾಗದ ಇಲ್ಲ, ಹೆಬ್ಬಟ್ಟಿಲ್ಲ. ಆಗ ನಾ ಹೊಸಾ ಸೊಸಿ. ಆ ಎರಡು ಎಲಿ ಮನಿಗೆ ತಂದು ಒಂದು ನನಗ ಕೊಟ್ಟ, ಒಂದು ತಾ ಹಾಕ್ಕೊಂಡ. ಹಿರೇ ಸಾವ್ಕಾರ್ರು ತೀರಿಕೊಂಡ ಮ್ಯಾಲೂ ಆ ಮಾತು ಹಂಗ ನಡದಿತ್ತು. ದಸರಾಕ್ಕ ಮೂರು ಚೀಲ, ಯುಗಾದಿಗೆ ಮೂರು ಚೀಲ ಒಂದು ಹಿಡಿ ಕಡಿಮಿ ಇಲ್ಲದ ಬರ್ತಿದ್ವು. ನಾನು, ಅಂವ, ಅತ್ತಿ, ಎರಡು ಹೆಣ್ಣುಮಕ್ಕಳು, ಐದು ಹೊಟ್ಟಿ ಅದರ ಮ್ಯಾಲೆ ನಡೀತಿದ್ವು. ಉಪ್ಪು ಎಣ್ಣಿಗೆ ನಾ ಕಳೆ ತಗ್ಯಾಕ ಹೋಗಿ ದುಡೀತಿದ್ನಿ.

ಯುದ್ಧ ಸುರುವಾಗಿ ಮೂರು ವರ್ಷ ಆಗಿತ್ತು. ಆ ದೀಪಾವಳಿ ಮುಂದ ತ್ವಾಟದ ಹಿರ್ಯಾ ಇಸ್ಮಾಯಿಲಸಾಬನ ಮೊಣಕಾಲು ಸೋತ್ವು. ಮೂವತ್ತು ವರ್ಷ ನಿಚ್ಚಣಿಕಿ ಹತ್ತಿ ಎಲಿ ಕೊಯ್ದ ಮನಷಾ, ಎರಡು ಮೆಟ್ಟಲ ಏರಿ ಅಲ್ಲೇ ನಿಂತುಬಿಟ್ಟ. ಮ್ಯಾಲೆ ಹೋಗಾಕ ಆಗವಲ್ದು, ಕೆಳಗ ಇಳ್ಯಾಕ ಆಗವಲ್ದು. ಇಬ್ಬರು ಹಿಡದು ಇಳಿಸಿದ್ರು. ಉಳವಪ್ಪ ಸಾವ್ಕಾರ್ರು ನಾಕು ದಿನ ವಿಚಾರ ಮಾಡಿ ನಮ್ಮನಿಯಾಂವನ್ನ ತ್ವಾಟಕ್ಕ ಕರಿಸಿದ್ರು. ಕೊಯ್ದ ಎಲಿನ ಎರಡು ದಿನ ಜೀವಂತ ಇಡಾಂವ ಬಳ್ಳಿಮ್ಯಾಗಿನ ಎಲಿನ ಇನ್ನೂ ಚಂದ ಇಡ್ತಾನ ಅನ್ನೂದು ಅವರ ಲೆಕ್ಕ. ಅದೇ ನಿಚ್ಚಣಿಕಿ ಬಾಜು ನಿಂತು, ಇಸ್ಮಾಯಿಲಸಾಬನ ಜಾಗಾ ಇನ್ನ ನಿಂದ ನೋಡು ಅಂದ್ರು. ಇಂವ ಹೂಂರಿ ಅಂದ. ಮುಗೀತು. ಚಕ್ಕಡಿ ಹೊಡ್ಯಾಕ ಚಂದ್ರಪ್ಪ ಅಂತ ಒಬ್ಬ ಹುಡುಗ ಬಂದ.

ನನಗರ ಆವತ್ತು ಹೋಳಿಗಿ ಮಾಡಿ ಉಣ್ಣುವಷ್ಟು ಸಂತೋಷ. ಚಕ್ಕಡಿ ಕಾಲದಾಗ ವಾರದಾಗ ಎರಡು ದಿನ ಮನ್ಯಾಗಿದ್ರ ಹೆಚ್ಚು. ಸಣ್ಣ ಮಗಳು ಅಪ್ಪ ಬಂದ್ರ ಯಾರೋ ಬಂದ್ರು ಅಂತ ನನ್ನ ಸೆರಗಿನಾಗ ಅಡಗತಿತ್ತು. ಈಗ ಹೊತ್ತು ಮುಳುಗೂದ್ರಾಗ ಮನಿಗೆ ಬರ್ತಿದ್ದ, ಒಂದು ತಿಂಗಳದಾಗ ಆ ಹುಡುಗಿ ಅವನ ತೊಡಿ ಬಿಟ್ಟು ಇಳೀದಂಗಾತು. ತ್ವಾಟಕ್ಕ ಹೋಗಾಕ ಮುಂಜಾನೆ ಜಳಕ ಮಾಡಬೇಕು, ಬಾಗಲದಾಗ ಕಾಲ್ಮರಿ ಬಿಟ್ಟು ಬರಿಗಾಲಲೆ ಒಳಗ ಹೋಗಬೇಕು. ಎಲಿಬಳ್ಳಿ ಅಂದ್ರ ಲಕ್ಷ್ಮಿ, ಅಲ್ಲಿ ಕಾಲ್ಮರಿ ಮೆಟ್ಟೂದಿಲ್ಲ. ಎಲಿ ಚಿವುಟಾಕ ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕ್ಕೊಂಡು ನಿಚ್ಚಣಿಕಿ ಹತ್ತತಿದ್ದ. ಕೆಳಗ ಒಂದು ಕಲ್ಲಿನ ಮ್ಯಾಲೆ ಇಸ್ಮಾಯಿಲಸಾಬ ದಿನಾ ಬಂದು ಕುಂದರ್ತಿದ್ದ. ಬಡಿಗಿ ಎತ್ತಿ ಈ ಎಲಿ ಕೊಯ್ಯಿ, ಅದನ್ನ ಇನ್ನ ಮೂರು ದಿನ ಬಿಡು, ಆ ಬಳ್ಳಿ ಕಟ್ಟು ಸಡ್ಲ ಐತಿ ಅಂತ ತೋರಿಸ್ತಿದ್ದ. ಇಬ್ಬರೂ ಮಾತು ಕಡಿಮಿ. ಹೊಂದಿಕಿ ಚಲೋ ಆತು.

ಈ ನಡುವ ಜ್ವಾಳದ ಧಾರಣಿ ಏರಿತು. ರಂಗೂನ ಅಕ್ಕಿ ಬರೂದು ನಿಂತ ಮ್ಯಾಲೆ ಅಕ್ಕಿ ಉಣ್ಣಾವರೂ ಜ್ವಾಳಕ್ಕ ಬಂದ್ರಂತ. ಸಂಕ್ರಾಂತಿಗೆ ಒಂದು ರೇಟು, ಹೋಳಿ ಹುಣ್ಣಿವಿಗೆ ಒಂದು ರೇಟು. ನಮಗೇನು, ನಮ್ಮ ಮೂರು ಚೀಲ ಯುಗಾದಿಗೆ ಬರ್ತಾವು ಅಂತ ನಾ ನೆರಮನ್ಯಾಕಿ ಮುಂದ ಹೇಳಿಕೊಂತಿದ್ನಿ. ನನ್ನ ಸೊಕ್ಕು ನೋಡ್ರಿ.

ಬೇವು-ಬೆಲ್ಲ ತಿಂದ ಮರುದಿನ ನಮ್ಮನಿಯಾಂವ ಮೂರು ಖಾಲಿ ಚೀಲ ತಗೊಂಡು ಸಾವ್ಕಾರ್ರ ಮನಿಗೆ ಹೋದ. ನಾ ಜ್ವಾಳ ತುಂಬೂ ಹಗೇವಿನಂಥಾ ದೊಡ್ಡ ಗಡಗಿ ತೊಳದು ಬಿಸಲಿಗೆ ಡಬ್ಬ ಹಾಕಿ ಕಾಯಾಕತ್ತಿದ್ನಿ. ಹೊತ್ತು ಏರಿದ ಮ್ಯಾಲೆ ಬಂದ. ಅವೇ ಮೂರು ಚೀಲ ಮಡಚಿ ಬಗಲಾಗ ಇಟಗೊಂಡಿದ್ದ. ಜ್ವಾಳ ಎಲ್ಲೆ ಅಂದ್ನಿ. ಧೋತರದ ಗಂಟು ಬಿಚ್ಚಿ ಕಟ್ಟಿಮ್ಯಾಲೆ ನಲವತ್ತು ರೂಪಾಯಿ ಇಟ್ಟ.

ಆಗಿದ್ದಿಷ್ಟು. ಸಾವ್ಕಾರ್ರ ಕಾರಕೂನ ಕರಿಬಸಪ್ಪ ಕೀರ್ದಿ ಪುಸ್ತಕ ತಗದು ಓದಿ ಹೇಳಿದನಂತ. ದೀಪಾವಳಿಯಿಂದ ನೀ ಚಕ್ಕಡಿಯಾಂವ ಅಲ್ಲ, ತ್ವಾಟದಾಂವ. ಇಸ್ಮಾಯಿಲಸಾಬನ ಜಾಗಾಕ್ಕ ಬಂದೀದಿ. ಆ ಜಾಗಾಕ್ಕ ಕಾಳಿನ ಪಗಾರ ಇಲ್ಲ, ರೊಕ್ಕದ ಪಗಾರ, ತಿಂಗಳಿಗೆ ಎಂಟು ರೂಪಾಯಿ. ಐದು ತಿಂಗಳಿಗೆ ನಲವತ್ತು. ದಸರಾದ ಮೂರು ಚೀಲ ಚಕ್ಕಡಿದು, ಅದು ಮುಟ್ಟೇತಿ. ಕಂಬಳಿ, ಕಾಲ್ಮರಿ ಚಕ್ಕಡಿಯಾಂವಗ, ತ್ವಾಟದಾಂವಗ ಇಲ್ಲ.

ಸಾವ್ಕಾರ್ರು ಜಾಗಾ ಅಂದಾಗ ನಮ್ಮನಿಯಾಂವ ನಿಚ್ಚಣಿಕಿ, ಬಳ್ಳಿ, ಕಬ್ಬಿಣದ ಉಗುರು ಅಂತ ತಿಳಕೊಂಡಿದ್ದ. ಕರಿಬಸಪ್ಪ ಪುಸ್ತಕದಾಗಿನ ಸಾಲು ಅಂತ ತಿಳಕೊಂಡಿದ್ದ. ಒಂದ ಮಾತು, ಎರಡು ಕಿವಿ.

ನಾಕು ವರ್ಷದ ಹಿಂದ ಯಾರರ ನಲವತ್ತು ರೂಪಾಯಿ ಕೊಟ್ಟಿದ್ರ ಆರು ಚೀಲ ಜ್ವಾಳ ತಂದು ಉಳದ ರೊಕ್ಕಕ್ಕ ಇಳಕಲ್ಲ ಸೀರಿ ತರ್ತಿದ್ನಿ. ಈಗ ಎರಡು ಚೀಲನೂ ಬರೂದಿಲ್ಲ, ಅದೂ ಸಂತ್ಯಾಗ ಸಿಕ್ರ. ದಸರಾ ಇನ್ನ ಆರು ತಿಂಗಳು. ಬಿಸಲಿಗೆ ಡಬ್ಬ ಹಾಕಿದ ಗಡಗಿ ನೋಡಿದ್ನಿ, ನನ್ನ ಪಿತ್ತ ನೆತ್ತಿಗೇರಿತು. ರೊಕ್ಕ ಕುದಿಸಿದ್ರ ನುಚ್ಚು ಆಗತೈತೇನು, ನಿಮ್ಮ ಬಾಯಾಗ ನಾಲಿಗಿ ಇಲ್ಲೇನು, ಕೊಟ್ರು ಅಂತ ಇಸಗೊಂಡು ಬರ್ತಾರೇನು ಅಂತ ಬಾಯಿಗೆ ಬಂದದ್ದೆಲ್ಲಾ ಅಂದ್ನಿ. ಅಂವ ಅನಿಸಿಕೊಂಡ. ಅತ್ತಿ ಒಳಗಿಂದ, ಹೊಳೆವ್ವಾ, ಸಾಕು ಮಾಡ ಅಂದ್ಲು. ನಾ ಸಾಕು ಮಾಡಲಿಲ್ಲ. ರೊಕ್ಕ ಸೆರಗಿಗೆ ಕಟಗೊಂಡು, ಖಾಲಿ ಚೀಲ ತಲಿಮ್ಯಾಲೆ ಇಟಗೊಂಡು ಸಾವ್ಕಾರ್ರ ಮನಿಗೆ ನಡದ್ನಿ.

ಪಡಸಾಲ್ಯಾಗ ಕರಿಬಸಪ್ಪ ಇನ್ನೂ ಪುಸ್ತಕ ಮುಂದಿಟಗೊಂಡು ಕುಂತಿದ್ದ. ಹೊಲಮನಿ ಕೆಲಸದವರು ಪಗಾರಕ್ಕ ಬಂದು ಅಂಗಳ ತುಂಬ ನಿಂತಿದ್ರು. ನಾ ಚೀಲ ಕೆಳಗ ಒಗದ್ನಿ. ಅವಂದು ಕೆಟ್ಟ ಬುದ್ಧಿ ಏನಲ್ಲ, ಪುಸ್ತಕದಾಗ ಏನೈತಿ ಅದ ಅವನ ಬಾಯಾಗ. ಮತ್ತ ಅದನ್ನ ಓದಿ ಹೇಳಿದ. ಜ್ವಾಳದ ಮಾತು ಬಿಟ್ಟು ನಾ ಕಾಲ್ಮರಿ ಹಿಡಕೊಂಡ್ನಿ, ಯಾಕಂದ್ರ ಅದು ಸಿಟ್ಟಿಗೆ ಅನುಕೂಲ ಇತ್ತು.

"ಕಾಲ್ಮರಿ ಯಾಕ ಇಲ್ಲರಿ?"

"ತ್ವಾಟದಾಗ ಬರಿಗಾಲಲೆ ಇರ್ತಾನ. ಕಾಲ್ಮರಿ ಯಾತಕ್ಕ?"

"ತ್ವಾಟದಾಗ ಬರಿಗಾಲು. ಮನಿಯಿಂದ ತ್ವಾಟದ ತನಕ ಹಾರಿಕೊಂತ ಬರ್ತಾನೇನು?"

ಅಂಗಳದಾಗಿನ ಮಂದಿ ನಕ್ಕರು. ಕರಿಬಸಪ್ಪನ ಮಾರಿ ಕೆಂಪಾತು. ಆ ಗದ್ದಲ ಕೇಳಿ ಉಳವಪ್ಪ ಸಾವ್ಕಾರ್ರು ಒಳಗಿಂದ ಬಂದ್ರು. ವಿಭೂತಿ ಇನ್ನೂ ಹಸಿ ಇತ್ತು, ಪೂಜಿ ಬಿಟ್ಟು ಎದ್ದು ಬಂದಿದ್ರು. ನನ್ನ ಮಾತು ಪೂರಾ ಕೇಳಿದ್ರು, ನಡುವ ಬಾಯಿ ಹಾಕಲಿಲ್ಲ. ಆಮ್ಯಾಲೆ ಸಾವಕಾಶ ಅಂದ್ರು, ತ್ವಾಟದ ಪಗಾರ ಚಕ್ಕಡಿ ಪಗಾರಕ್ಕಿಂತ ದೊಡ್ಡದು ಅಂತ ತಿಳದ ನಾ ಅವನ್ನ ಆ ಜಾಗಾಕ್ಕ ಕರದೆ, ಇಸ್ಮಾಯಿಲಸಾಬಗ ಏನು ಕೊಡ್ತಿದ್ದೆ ಅದನ್ನ ಕೊಟ್ಟೇನಿ, ಧಾರಣಿ ನಾ ಏರಿಸಿದ್ದಲ್ಲ. ಆಳಿನ ಬೆವರು ಉಂಡ ಮನಿ ಅಲ್ಲ ಇದು.

ಅವರ ಮಾತು ಸುಳ್ಳಲ್ಲ. ಅದಕ್ಕ ನನಗ ಇನ್ನೂ ಸಿಟ್ಟು ಬಂತು. ಮೋಸ ಮಾಡಾವರ ಕೂಡ ಜಗಳ ಸಸಾರ. ಸೆರಗಿನ ಗಂಟು ಬಿಚ್ಚಿ ನಲವತ್ತು ರೂಪಾಯಿ ಪಡಸಾಲಿ ಮೆಟ್ಟಲ ಮ್ಯಾಲೆ ಇಟ್ನಿ. ನಿಮ್ಮ ರೊಕ್ಕ ಬ್ಯಾಡ, ನಿಮ್ಮ ತ್ವಾಟನೂ ಬ್ಯಾಡ, ನಮ್ಮ ಚಕ್ಕಡಿ ನಮಗ ಕೊಡ್ರಿ ಅಂದ್ನಿ.

"ಚಕ್ಕಡಿಗೆ ಚಂದ್ರಪ್ಪ ಬಂದಾನಲ್ಲವಾ," ಅಂದ್ರು ಸಾವ್ಕಾರ್ರು. "ತ್ವಾಟ ಬ್ಯಾಡ ಅಂದ್ರ ಇನ್ನ ನಾ ಏನು ಕೊಡ್ಲಿ, ನೀನ ಹೇಳು."

ಮಂದಿ ಮುಂದ ಅಳಬಾರದು ಅಂತ ಚೀಲ ಎತಗೊಂಡು ತಿರುಗಿ ನೋಡದ ಬಂದ್ನಿ. ಅರ್ಧ ದಾರಿ ಬಂದ ಮ್ಯಾಲೆ ಲೆಕ್ಕ ಹಾಕಿದ್ನಿ. ಜ್ವಾಳ ಇಲ್ಲ, ರೊಕ್ಕ ಅಲ್ಲೇ ಬಿಟ್ಟು ಬಂದೇನಿ, ಚಕ್ಕಡಿ ಹೋತು, ಇದ್ದ ತ್ವಾಟದ ಕೆಲಸಕ್ಕೂ ನಾನ ಕೈಯಾರೆ ಎಳ್ಳು ನೀರು ಬಿಟ್ಟೇನಿ.

ನಮ್ಮನಿಯಾಂವ ಎಲ್ಲಾ ಕೇಳಿದ. ಬೈತಾನ ಅಂತ ಕಾದ್ನಿ. ಬೈದಿದ್ರ ಚಲೋ ಇತ್ತು. ಮರುದಿನ ಮುಂಜಾನೆ ದಿನದಂಗ ಜಳಕ ಮಾಡಿ, ಕಬ್ಬಿಣದ ಉಗುರು ತಗೊಂಡು ಹೊಂಟ. ಸಾವ್ಕಾರ್ರು ಬಿಡು ಅಂದಾಗ ಬಿಡ್ತೇನಿ, ಅಲ್ಲೀತನಕ ಬಳ್ಳಿ ನೀರು ಕೇಳ್ತಾವು ಅಂದ. ಕಾಲಾಗಿನ ಹಳೇ ಕಾಲ್ಮರಿದು ಹಿಮ್ಮಡಿ ಸವದು ನೆಲಾ ಕಾಣತಿತ್ತು. ಅಂವ ಓಣಿ ತಿರುವೂತನಕ ನಾ ಅದನ್ನ ನೋಡಿಕೊಂತ ನಿಂತ್ನಿ.

ಮನ್ಯಾಗ ಇದ್ದದ್ದು ಎರಡು ದಿನದ ಹಿಟ್ಟು. ಸೊಕ್ಕು ನುಂಗಿ ಇಸ್ಮಾಯಿಲಸಾಬನ ಮನಿಗೆ ಹೋದ್ನಿ. ಅವನ ಹೆಂಡತಿ ರಹಿಮಾಬಿಗೆ ನಾ ಚಿಗವ್ವ ಅಂತಿದ್ನಿ. ನನ್ನ ಎರಡೂ ಹೆರಿಗಿಯೊಳಗ ಬೆನ್ನು ಹಿಡದು ಕುಂತಾಕಿ ಆಕಿ. ಎರಡು ಸೇರು ಜ್ವಾಳ ಕಡಾ ಕೊಡ್ರಿ, ತೀರಿಸ್ತೇನಿ ಅಂದ್ನಿ. ಆಕಿ ಏನೂ ಕೇಳದ ಒಳಗ ಹೋದ್ಲು. ಗಡಗಿ ತಳಕ್ಕ ಸೇರು ಕರಕರ ಅಂತ ಕೆರಿಯೂ ಸಪ್ಪಳ ಕೇಳಿಸ್ತು. ಎರಡು ಸಲ ಕೇಳಿಸ್ತು. ಕೇಳಿಸಿದ್ರೂ ನಾ ಉಡಿ ಒಡ್ಡಿ ಇಸಗೊಂಡ್ನಿ. ಹೊಟ್ಟಿ ಅನ್ನೂದು ಹಂಗ.

ಇಸ್ಮಾಯಿಲಸಾಬ ಹೊರಗ ಹೊರಸಿನ ಮ್ಯಾಲೆ ಕುಂತು ಮೊಣಕಾಲಿಗೆ ಎಣ್ಣಿ ತಿಕ್ಕೊಂತ, ತ್ವಾಟಕ್ಕ ಹೋಗಾಕ ತಯಾರಾಗಾಕತ್ತಿದ್ದ. ಏನವಾ ನಿನ್ನೆ ಸಾವ್ಕಾರ್ರ ಅಂಗಳದಾಗ ಭಾಳ ಮಳಿ ಬಿತ್ತಂತಲ್ಲ ಅಂತ ಚಾಷ್ಟಿ ಮಾಡಿದ. ನಾ ಅಳಕೋತ ಎಲ್ಲಾ ಹೇಳಿದ್ನಿ, ಜಾಗಾ ಅಂದದ್ದು, ಹೂಂರಿ ಅಂದದ್ದು, ನಲವತ್ತು ರೂಪಾಯಿ, ಕಾಲ್ಮರಿ. ಅಂವ ಎಣ್ಣಿ ಕೈ ಹಂಗ ಹಿಡಕೊಂಡು ಕೇಳಿದ.

"ಎಲಿ ಯಾರು ಕೊಟ್ರು?"

ಯಾವ ಎಲಿ ಕಾಕಾ ಅಂದ್ನಿ.

"ತ್ವಾಟದ ಕೆಲಸಕ್ಕ ಹಚ್ಚಿದಾಗ ನಿನ್ನ ಗಂಡನ ಕೈಯಾಗ ಎಲಿ-ಅಡಿಕಿ ಇಟ್ರೋ ಇಲ್ಲೋ?"

ನಾ ನೆನಪು ಮಾಡಿಕೊಂಡ್ನಿ. ಚಕ್ಕಡಿಗೆ ಹಚ್ಚಿದಾಗ ತಂದಿದ್ದ, ಅರ್ಧ ನಾನ ತಿಂದಿದ್ನಿ. ದೀಪಾವಳಿ ಮುಂದ ಬರಿಗೈಯಲೆ ಬಂದಿದ್ದ. ಇಲ್ಲ ಅಂದ್ನಿ. ಇಸ್ಮಾಯಿಲಸಾಬ ನಗಾಕ ಹತ್ತಿದ. ನಕ್ಕು ನಕ್ಕು ಕೆಮ್ಮು ಬಂತು, ರಹಿಮಾಬಿ ನೀರು ತಂದ್ಲು. ನಾಕು ತಾಲೂಕಿನ ನಿಶ್ಚಯಕ್ಕ, ಮದವಿಗೆ ಈ ತ್ವಾಟದ ಎಲಿ ಹೋಗತಾವು, ಅವರ ಮನಿ ಮಾತಿಗೆ ಎರಡು ಎಲಿ ಸಿಗಲಿಲ್ಲ ನೋಡು ಅಂದ. ಹಿರೇ ಸಾವ್ಕಾರ್ರು ಹಾಕಿದ ಪದ್ಧತಿ ಅದು. ಎಲಿ ಕೊಟ್ಟು ಕೆಲಸಕ್ಕ ಹಚ್ಚಬೇಕು, ಬಿಡಿಸೂದಿದ್ರೂ ಎಲಿ ಕೊಟ್ಟ ಬಿಡಿಸಬೇಕು. ಎಲಿ ಇಲ್ಲದ ಮಾತು ಮಾತಲ್ಲ, ಆ ಮನ್ಯಾಗ ಎಲ್ಲಾರಿಗೂ ಗೊತ್ತು. ಬಡಿಗಿ ಕೊಡ ಅಂತ ಹೆಂಡತಿಗೆ ಹೇಳಿ ಎದ್ದ. ತ್ವಾಟದ ದಾರಿ ಬಿಟ್ಟು ಸಾವ್ಕಾರ್ರ ಮನಿ ದಾರಿ ಹಿಡದ. ಹತ್ತು ಹೆಜ್ಜಿಗೊಮ್ಮೆ ನಿಂತು ದಮ್ಮು ತಗೊಂತಿದ್ದ, ನಾ ಉಡ್ಯಾಗ ಜ್ವಾಳ ಕಟಗೊಂಡು ಹಿಂದಿಂದ ಹೋದ್ನಿ.

ಸಾವ್ಕಾರ್ರ ತಾಯಿ ಮಹಾದೇವಕ್ಕ ಪಡಸಾಲ್ಯಾಗ ಕುಂತು ಎಲಿ ಒರಸಾಕತ್ತಿದ್ರು. ಇಸ್ಮಾಯಿಲಸಾಬನ್ನ ನೋಡಿ, ಈ ಕಾಲು ತಗೊಂಡು ಯಾಕ ಬಂದಿ, ಹೇಳಿ ಕಳಿಸಿದ್ರ ಆಗ್ತಿರಲಿಲ್ಲೇನು ಅಂತ ಬೈದು ಕಂಬಳಿ ಹಾಸಿಸಿದ್ರು. ಇಸ್ಮಾಯಿಲಸಾಬ ಕುಂತು, ದಮ್ಮು ಇಳದ ಮ್ಯಾಲೆ, ನ್ಯಾಯ ಕೇಳಾಕ ಬಂದಿಲ್ಲ ಅವ್ವಾರ, ಒಂದು ಮರತದ್ದು ಕೇಳಾಕ ಬಂದೇನಿ ಅಂದ. ಅಷ್ಟರಾಗ ಉಳವಪ್ಪನವರು ಬಂದ್ರು. ಕರಿಬಸಪ್ಪ ಪುಸ್ತಕ ಬಗಲಾಗ ಇಟಗೊಂಡ ಬಂದ.

ಕೇಳಬೇಕಾದ್ದನ್ನ ಮಹಾದೇವಕ್ಕಾರ ಕೇಳಿದ್ರು. "ಉಳವಪ್ಪಾ, ಗುದ್ಲೆಪ್ಪಗ ತ್ವಾಟಕ್ಕ ಹಚ್ಚಿದಾಗ ಎಲಿ ಕೊಟ್ಟಿಯೇನು?"

ನಾ ಸಾವ್ಕಾರ್ರ ಮಾರಿ ನೋಡಾಕತ್ತಿದ್ನಿ. ಕೊಟ್ಟಿದ್ದೆ ಅಂದಿದ್ರ ಮುಗೀತಿತ್ತು. ಆವತ್ತು ತ್ವಾಟದಾಗ ಇದ್ದವರು ಇಬ್ಬರ, ನಮ್ಮನಿಯಾಂವ ಎದುರು ನಿಂತು ಇಲ್ಲ ಅನ್ನೂ ಪೈಕಿ ಅಲ್ಲ. ನನ್ನ ಮಾತು ಯಾರು ನಂಬತಿದ್ರು, ಅದೂ ಹಿಂದಿನ ದಿನ ಅಷ್ಟು ಒದರಿ ಹೋದ ಮ್ಯಾಲೆ.

"ಕೊಟ್ಟಿಲ್ಲವ್ವಾ," ಅಂದ್ರು. "ಸುತ್ತಲೂ ಎಲಿ ಇದ್ವು. ಹರಿದು ಕೊಡಬೇಕು ಅನ್ನೂದು ಹೊಳೀಲಿಲ್ಲ."

ಆ ಒಂದು ಮಾತಿಗೆ ನಾ ಆ ಮನಿಗೆ ಜೀವ ಇರೂತನಕ ಋಣಿ. ಸಾವ್ಕಾರಕಿ ಮಾಡಾವರು ಎಷ್ಟೋ ಮಂದಿನ ಕಂಡೇನಿ, ಕೂಲಿ ಹೆಣ್ಣುಮಗಳ ಮುಂದ ನಾ ಮರತೆ ಅಂದವರನ್ನ ಅವತ್ತ ಕಂಡದ್ದು. ಕರಿಬಸಪ್ಪ ಪುಸ್ತಕದಾಗ ಹಂಗಿಲ್ರಿ ಅನ್ನಾಕ ಬಾಯಿ ತಗದ. ಪುಸ್ತಕಕ್ಕಿಂತ ನಮ್ಮಪ್ಪ ಹಳಬ, ಸುಮ್ಮನಿರು ಅಂದ್ರು ಸಾವ್ಕಾರ್ರು. ಹೊಸಾ ಮಾತು ಆಗೇ ಇಲ್ಲ ಅಂದ್ರ ಹಳೇ ಮಾತು ನಡದೈತಿ, ಗುದ್ಲೆಪ್ಪ ಈ ಯುಗಾದಿ ತನಕ ಚಕ್ಕಡಿ ಪಗಾರದಾಂವ, ಮೂರು ಚೀಲ ಜ್ವಾಳ, ಕಂಬಳಿ, ಕಾಲ್ಮರಿ ತಗದು ಕೊಡು ಅಂತ ಹೇಳಿದ್ರು. ಹಂಗ ತಾಯಿ ಕಡೆ ತಿರುಗಿ, ಇವತ್ತ ಎಲಿ ಕೊಟ್ಟು ತ್ವಾಟದ ಮಾತು ಹೊಸದಾಗಿ ಮಾಡೂಣ ಅಂದ್ರು. ನಾ ಅಲ್ಲೇ ಕಂಬಕ್ಕ ಹಣಿ ಹಚ್ಚಿ ಅತ್ನಿ.

ನಮ್ಮನಿಯಾಂವನ್ನ ತ್ವಾಟದಿಂದ ಕರಿಸಿದ್ರು. ಬೆರಳಾಗಿನ ಕಬ್ಬಿಣದ ಉಗುರು ತಗೀದ ಬಂದಿದ್ದ. ನನ್ನ ನೋಡಿ, ಮತ್ತೇನು ಮಾಡಿ ಇಟ್ಟಾಳೋ ಅಂತ ಅಂಜಿದ, ಅದು ನನಗ ತಿಳೀತು. ಸಾವ್ಕಾರ್ರು ಆಗಿದ್ದೆಲ್ಲಾ ಹೇಳಿದ್ರು. ಮಹಾದೇವಕ್ಕಾರು ಆಗಲೇ ಒರಸಿದ ಎರಡು ಎಲಿ, ಒಂದು ಅಡಿಕಿ ತಬಕದಾಗ ಇಟ್ಟು ಮಗನ ಕೈಗೆ ಕೊಟ್ರು. ಸಾವ್ಕಾರ್ರು ಎಲಿ ತಗೊಂಡು, ಇಸ್ಮಾಯಿಲಸಾಬನ ಜಾಗಾ ಇವತ್ತಿನಿಂದ ನಿಂದು, ಕಾಳು ಬೇಕೋ ರೊಕ್ಕ ಬೇಕೋ ನೀನ ಹೇಳು ಅಂತ ಕೈ ಮುಂದ ಮಾಡಿದ್ರು.

ಇಂವ ಕೈ ಒಡ್ಡಲಿಲ್ಲ.

ಕೈಗೆ ಬಂದ ತುತ್ತು ಅದು. ಹಿಡೀರಿ ಅಂತ ಕಣ್ಣಲೆ ಹೇಳಿದ್ನಿ, ನನ್ನ ಕಡೆ ನೋಡಲಿಲ್ಲ. ಸಾವ್ಕಾರ್ರ ಕೈ ಹಂಗ ಇತ್ತು. ನಮ್ಮನಿಯಾಂವ ಒಮ್ಮೆ ಇಸ್ಮಾಯಿಲಸಾಬನ್ನ ನೋಡಿ, ನೆಲಾ ನೋಡಿ ಅಂದ.

"ಆ ಜಾಗಾ ಖಾಲಿ ಇಲ್ರಿ ಸಾವ್ಕಾರ್ರ. ಕಾಕಾಗ ಹಿರಿಯಾರು ಎಲಿ ಕೊಟ್ಟಾರ. ಅದನ್ನ ಯಾರೂ ಬಿಡಿಸಿಲ್ಲ."

ಮೂರ ಮಾತು. ಕರಿಬಸಪ್ಪ ಪುಸ್ತಕ ತಗ್ಯಾಕ ಹೋದಾಂವ ಹಂಗ ಮುಚ್ಚಿ ಇಟ್ಟ. ಅಷ್ಟೊತ್ತನಕ ನನ್ನ ಸಲುವಾಗಿ ನಕ್ಕೋತ ಕುಂತಿದ್ದ ಇಸ್ಮಾಯಿಲಸಾಬ, ಹೆಗಲಮ್ಯಾಗಿನ ಟವೆಲ್ಲು ತಗದು ಮಾರಿಗೆ ಮುಚ್ಚಿಕೊಂಡ. ದೀಪಾವಳಿಗೆ ಕಾಲು ಸೋತ ಮನಷಾಗ ಆವತ್ತಿನಿಂದ ಒಂದು ಪೈ ಪಗಾರ ಇರಲಿಲ್ಲ. ಯಾರೂ ಬಿಡು ಅಂದಿರಲಿಲ್ಲ, ಯಾರೂ ಕೊಟ್ಟೂ ಇರಲಿಲ್ಲ. ಐದು ತಿಂಗಳು ದಿನಾ ಕಲ್ಲಿನ ಮ್ಯಾಲೆ ಕುಂತು ಸುಮ್ಮನ ಕಲಿಸಿಕೊಟ್ಟಿದ್ದ. ಅವನ ಮನಿ ಗಡಗಿ ತಳದ ಸಪ್ಪಳ ನಾ ಒಂದು ತಾಸಿನ ಹಿಂದ ಕೇಳಿದ್ನಿ. ಕೇಳಿ, ನನ್ನ ಮೂರು ಚೀಲದ ಸಲುವಾಗಿ ಅವನ್ನ ಬಿಸಲಾಗ ನಡಿಸಿಕೊಂಡು ಬಂದಿದ್ನಿ. ಊರು ಕೇಳುವಂಗ ಒದರಿದಾಕಿ ನಾನು, ಆ ಒಂದು ಮಾತು ನನಗ ಹೊಳೀಲಿಲ್ಲ. ಬಾಯಿ ಇಲ್ಲದಾಂವ ಅಂತ ನಾ ಬೈದಾಂವಗ ಹೊಳೀತು.

ಸಾವ್ಕಾರ್ರು ಎಲಿ ತಿರುಗಿ ತಬಕದಾಗ ಇಟ್ರು. ಗ್ವಾಡಿ ಮಾಡದಾಗ ಎತ್ತಿ ಇಟ್ಟಿದ್ದ, ನಾ ಬಿಟ್ಟು ಹೋದ ನಲವತ್ತು ರೂಪಾಯಿ ತಂದು, ಬಾಗಿ, ಇಸ್ಮಾಯಿಲಸಾಬನ ಕೈಯಾಗ ಇಟ್ಟು ಕೈ ಮುಚ್ಚಿದ್ರು. ಇವು ನಿನ್ನ ಐದು ತಿಂಗಳಿನವು ಸಾಬಣ್ಣ, ದಾರಿ ತಪ್ಪಿ ಗುದ್ಲೆಪ್ಪನ ಮನಿಗೆ ಹೋಗಿದ್ವು ಅಂದ್ರು. ಬಿಡಿಸೂ ಎಲಿ ಕೊಡೂ ಮಾತು ತಗೀಬ್ಯಾಡ, ಇಸ್ಮಾಯಿಲ ಕಲ್ಲಿನ ಮ್ಯಾಲೆ ಕುಂತು ಹೇಳೂತನಕ ಆ ಜಾಗಾ ಅವಂದ ಅಂತ ಮಹಾದೇವಕ್ಕಾರು ತೀರ್ಮಾನ ಮಾಡಿದ್ರು.

ಆಮ್ಯಾಲೆ ಮತ್ತ ಎಲಿ ಎತ್ತಿದ್ರು. ಈ ಸಲ ಮಾತು ಬ್ಯಾರೆ. ಇಸ್ಮಾಯಿಲಸಾಬನ ಕೈಕೆಳಗ ತ್ವಾಟದ ಕೆಲಸ, ವರ್ಷಕ್ಕ ಏಳು ಚೀಲ ಜ್ವಾಳ, ಕಂಬಳಿ. ಕಾಲ್ಮರಿ ಅಂದು ಸಾವ್ಕಾರ್ರು ನನ್ನ ಕಡೆ ನೋಡಿದ್ರು. ಕಾಲ್ಮರಿನೂ ಕೊಡೂಣ, ಇಲ್ಲಂದ್ರ ಹಾರಿಕೊಂತ ಬಂದಾನು ಅಂದ್ರು. ಎಲ್ಲಾರೂ ನಕ್ಕರು, ಕರಿಬಸಪ್ಪನೂ ನಕ್ಕ. ನಾ ಸೆರಗು ಬಾಯಿಗೆ ಹಚ್ಚಿಕೊಂಡ್ನಿ. ನಮ್ಮನಿಯಾಂವ ಎರಡೂ ಕೈ ಒಡ್ಡಿ ಎಲಿ ಇಸಗೊಂಡ. ಹೊಂಡೂ ಮುಂದ ಮಹಾದೇವಕ್ಕಾರು ಮಗನ್ನ ಕೇಳಿದ್ರು, ಚಂದ್ರಪ್ಪಗರ ಎಲಿ ಕೊಟ್ಟಿಯೇನಪಾ ಅಂತ. ಸಾವ್ಕಾರ್ರು ತಲಿ ಕೆರಕೊಂಡ್ರು. ಆ ಹುಡುಗ ಹಾನಗಲ್ಲ ಸಂತಿಯಿಂದ ಬರೂತನಕ ತಬಕ ಅಲ್ಲೇ ಇಟ್ಟಿದ್ರಂತ.

ಸಾವ್ಕಾರ್ರ ಹೊಲದ ಚಕ್ಕಡಿ ಮ್ಯಾಲೆ ಮೂರು ಚೀಲ ಹೇರಿಸಿಕೊಂಡು ಮನಿಗೆ ಬಂದ್ವಿ. ಅತ್ತಿ ಒಂದೊಂದೂ ಚೀಲ ಕೈಲೆ ಮುಟ್ಟಿ ನೋಡಿದ್ಲು. ನಮ್ಮನಿಯಾಂವ ಎರಡು ಎಲಿಯಾಗ ಒಂದು ನನ್ನ ಕೈಯಾಗ ಇಟ್ಟ. ಏಳು ವರ್ಷದ ಹಿಂದ ಕೊಟ್ಟಂಗ ಕೊಟ್ಟ. ನಿನ್ನೆ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡ್ರಿ ಅಂದ್ನಿ. ಅಂವ ಅಡಿಕಿ ಒಡಕೊಂತ, ನೀ ಹೋಗದಿದ್ರ ಕಾಕಾ ಬರ್ತಿದ್ದಿಲ್ಲ ಅಂದ. ನನ್ನ ಜಲ್ಮದಾಗ ಅಂವ ನನ್ನ ಹೊಗಳಿದ್ದು ಅದೊಂದ ಸಲ.

ಸಂಜಿಗೆ ಎರಡು ಸೇರಿಗೆ ನಾಕು ಸೇರು ಜ್ವಾಳ ಅಳಕೊಂಡು ರಹಿಮಾಬಿ ಚಿಗವ್ವನ ಮನಿಗೆ ಹೋದ್ನಿ. ಆಕಿ ಬಾಗಲದಾಗ ಕುಂತು ಕುಟ್ಟಾಣ್ಯಾಗ ಎಲಿ-ಅಡಿಕಿ ಕುಟ್ಟಾಕತ್ತಿದ್ಲು, ಇಸ್ಮಾಯಿಲಸಾಬಗ ಹಲ್ಲಿರಲಿಲ್ಲ. ನಾ ಜ್ವಾಳ ಮುಂದ ಇಟ್ನಿ. ಗಡಗಿ ತಳಾ ಕೆರಿಯೂದು ಕೇಳಿಸಿತ್ತು ಚಿಗವ್ವ, ಕೇಳಿಸಿದ್ರೂ ಒಯ್ದೆ, ನನ್ನ ಕ್ಷಮಾ ಮಾಡ್ರಿ ಅಂದ್ನಿ. ಆಕಿ ಜ್ವಾಳದ ಕಡೆ ನೋಡಲಿಲ್ಲ. ಕುಟ್ಟೂದು ನಿಲ್ಲಿಸಿ, ಬಾಜೂಕ ಜಾಗಾ ಮಾಡಿ, ಕುಂದರು ಅಂತ ನೆಲಾ ತಟ್ಟಿದ್ಲು.

"ಅದೆಲ್ಲಾ ಇರಲಿ. ನಿನ್ನ ಗಂಡ ಏನಂದ, ಅದನ್ನ ಹೇಳು. ಇವರು ಹೇಳಾಕ ಹೋದ್ರ ಅಳತಾರ, ಪೂರಾ ಹೇಳಾಕ ಆಗವಲ್ದು."

ನಾ ಕುಂತು ಹೇಳಿದ್ನಿ.